ಅಳತೆಯೂ ಸಾಕ್ಷಿಯೂ: ಕೈಗಾ ಪ್ರಕರಣದಲ್ಲಿ ಹವ್ಯಾಸಿ ವೀಕ್ಷಕರು

1

ಚೆನ್ನೈ ನಗರದ ಎಗ್ಮೋರಿನಲ್ಲಿ ಕನ್ನಡ ಸಂಶೋಧಕರು ಮರೆಯಬಾರದ ಎರಡು ಸಂಸ್ಥೆಗಳಿವೆ. ಮೊದಲನೆಯದು ತಮಿಳುನಾಡು ಪತ್ರಾಗಾರ. 1799ರಲ್ಲಿ ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿ ಬಂದಂದಿನಿಂದ 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಆ ಜಿಲ್ಲೆಯ ಆಡಳಿತ ಮದರಾಸಿನದಾಗಿತ್ತು. ಆ ಕಾಲದ ಕಂದಾಯದ ಕಾಗದಪತ್ರಗಳನ್ನು ಹುಡುಕುವವರು ಇಲ್ಲಿಗೆ ಬರಬೇಕು. ಎರಡನೆಯದು 1896ರಲ್ಲಿ ತೆರೆದ ಕನ್ನೆಮರಾ ಸಾರ್ವಜನಿಕ ಗ್ರಂಥಾಲಯ. ಭಾರತದಲ್ಲಿ ಅಚ್ಚಾಗುವ ಪುಸ್ತಕಗಳ ಒಂದೊಂದು ಪ್ರತಿ ಇಲ್ಲಿಗೆ ಸಲ್ಲಬೇಕೆಂದು 1954ರ ಕಾಯಿದೆ ವಿಧಿಸಿತು. 1956ರ ತಿದ್ದುಪಡಿ ಪತ್ರಿಕೆಗಳನ್ನೂ ಅದರ ವ್ಯಾಪ್ತಿಗೆ ತಂದಿತು.

ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾದ ನಾನು ಈ ಎರಡು ಕಟ್ಟಡಗಳ ನಡುವೆ ಓಡಾಡುವಾಗ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಒಂದು ಸೀಮೆಯ ನೆಲ, ನೀರು, ಬೆಳೆಗಳನ್ನು ಅಧಿಕಾರ ಅಳೆಯುತ್ತದೆ. ಆ ಸೀಮೆಯ ಜನ ತಮ್ಮ ಕಣ್ಣಿನಿಂದ, ತಮ್ಮ ಭಾಷೆಯಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಭೂಕಂದಾಯದ ಚರಿತ್ರೆಯನ್ನು ಬರೆಯುವವರು ಕಚೇರಿಯ ಅಂಕಿಗಳನ್ನೂ ಶಾನುಭೋಗರ ಕಡತಗಳನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಅದೇ ಉತ್ತರ ಕನ್ನಡದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಳತೆಗೆ ಬಂದ ಹೊಸ ವಸ್ತು ವಿಕಿರಣ. ಅದರ ಚರಿತ್ರೆಗೂ ಇಂಥ ಎರಡು ದಫ್ತರಗಳಿವೆ; ಅವನ್ನು ಒಂದೇ ಮೇಜಿನ ಮೇಲಿಟ್ಟು ಓದಿದಾಗಲೇ ಆ ಚರಿತ್ರೆ ಪೂರ್ಣವಾಗುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

2

ಹವ್ಯಾಸಿ ಎಂಬ ಮಾತು ಕನ್ನಡದಲ್ಲಿ ಕೀಳರ್ಥದ್ದಲ್ಲ. ನಮ್ಮ ಆಧುನಿಕ ರಂಗಭೂಮಿಯನ್ನು ಬೆಳೆಸಿದವರು ಹವ್ಯಾಸಿಗಳು; ಊರೂರು ಸುತ್ತಿ ಶಾಸನಗಳನ್ನು ಓದಿದವರಲ್ಲಿ ಶಾಲಾ ಉಪಾಧ್ಯಾಯರ ಪಾಲು ದೊಡ್ಡದು. ವೃತ್ತಿಯ ಅಧಿಕಾರವಿಲ್ಲದಿದ್ದರೂ ವಿಷಯದಲ್ಲಿ ನಿಷ್ಠೆಯುಳ್ಳವನು ಎಂಬ ಅರ್ಥದಲ್ಲಿಯೇ ಆ ಪದವನ್ನು ಇಲ್ಲಿ ಬಳಸಿದೆ.

ವಿಕಿರಣದ ಚರಿತ್ರೆಯಲ್ಲಿ ಇಂಥವರ ಪಾತ್ರ ಹಳೆಯದು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರ ಕೊನೆಯಲ್ಲಿ ಮಕ್ಕಳ ಹಾಲುಹಲ್ಲುಗಳನ್ನು ಸಂಗ್ರಹಿಸುವ ಕಾರ್ಯ ಆರಂಭವಾಯಿತು. ಪರಮಾಣು ಬಾಂಬುಗಳ ಪರೀಕ್ಷೆಯಿಂದ ಗಾಳಿಗೆ ಸೇರಿದ ಸ್ಟ್ರಾನ್ಷಿಯಂ-90 ಹಾಲಿನ ಮೂಲಕ ಮೂಳೆ, ಹಲ್ಲುಗಳನ್ನು ಸೇರುತ್ತಿದೆಯೆ ಎಂಬುದು ಪ್ರಶ್ನೆ. ತಾಯಂದಿರು ಕಳಿಸಿದ ಹಲ್ಲುಗಳ ಸಂಖ್ಯೆ ಮುಂದೆ ಮೂರು ಲಕ್ಷವನ್ನು ಮೀರಿತು. ಪರೀಕ್ಷೆಗಳು ಹೆಚ್ಚಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲುಗಳಲ್ಲಿ ಆ ಧಾತುವಿನ ಪ್ರಮಾಣವೂ ಹೆಚ್ಚಿದ್ದುದು ಸಿದ್ಧವಾಯಿತು. ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ 1979ರ ಮಾರ್ಚ್ 28ರಂದು ಅಪಘಾತವಾದ ಬಳಿಕ ಅಧಿಕಾರಿಗಳ ಮಾತಿನಲ್ಲಿ ಜನರ ವಿಶ್ವಾಸ ಕುಸಿಯಿತು; 1980ರಲ್ಲಿ ಸುತ್ತಲ ಊರುಗಳ ನಾಗರಿಕರಿಗೇ ತರಬೇತಿ ಕೊಟ್ಟು ಅವರ ಕೈಗೆ ಮಾಪಕಗಳನ್ನು ಒಪ್ಪಿಸಲಾಯಿತು. 1986ರ ಏಪ್ರಿಲ್ 26ರ ಚೆರ್ನೋಬಿಲ್ ದುರಂತ ಹೊರಜಗತ್ತಿಗೆ ತಿಳಿದದ್ದು ಸೋವಿಯತ್ ಪ್ರಕಟಣೆಯಿಂದಲ್ಲ. ಎರಡು ದಿನಗಳ ಅನಂತರ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಒಬ್ಬ ನೌಕರನ ಪಾದರಕ್ಷೆಗೆ ಅಂಟಿದ್ದ ಧೂಳು ಮಾಪಕವನ್ನು ಎಚ್ಚರಿಸಿದ್ದರಿಂದ.

ಈ ಮೂರು ನಿದರ್ಶನಗಳಿಂದ ಒಂದು ಮಾತು ಸ್ಪಷ್ಟ. ಅಳತೆಯನ್ನು ಒಬ್ಬನೇ ಇಟ್ಟುಕೊಂಡಾಗ ಅದು ಸುದ್ದಿ ಮಾತ್ರ. ಇನ್ನೊಬ್ಬನೂ ಅಳೆದಾಗ ಅದು ಸಾಕ್ಷಿಯಾಗುತ್ತದೆ.

3

ಕಾರವಾರ ತಾಲ್ಲೂಕಿನ ಕೈಗಾ, ಕಾಳಿ ನದಿಯ ದಂಡೆಯಲ್ಲಿ, ಪಶ್ಚಿಮ ಘಟ್ಟಗಳ ದಟ್ಟ ಅರಣ್ಯದ ನಡುವೆ ಇದೆ. ಅಲ್ಲಿ ಅಣುವಿದ್ಯುತ್ ಸ್ಥಾವರ ಸ್ಥಾಪಿಸುವ ನಿರ್ಧಾರ 1980ರ ದಶಕದ್ದು. ಕಟ್ಟಡದ ಕೆಲಸ ತೊಡಗುವ ಮುನ್ನವೇ ಚೆರ್ನೋಬಿಲ್ ಸಂಭವಿಸಿತು. ಕನ್ನಡದಲ್ಲಿ ಕೈಗಾದ ಚರ್ಚೆ ಬಿರುಸುಗೊಂಡದ್ದು ಆ ಹಿನ್ನೆಲೆಯಲ್ಲಿ.

ಈ ಚರ್ಚೆಯ ಮುಂಚೂಣಿಯಲ್ಲಿ ನಿಂತವರು ಕೋಟ ಶಿವರಾಮ ಕಾರಂತರು. ಅವರು ಭೌತವಿಜ್ಞಾನಿಯಲ್ಲ. ಆದರೆ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದು, ವಿಜ್ಞಾನವನ್ನು ಕನ್ನಡದಲ್ಲಿ ಕೇಳಿ ತಿಳಿಯುವ ಹಕ್ಕು ಸಾಮಾನ್ಯ ಓದುಗನಿಗೆ ಇದೆಯೆಂದು ದಶಕಗಳ ಹಿಂದೆಯೇ ಆಚರಿಸಿ ತೋರಿಸಿದವರು. ಕೈಗಾದ ವಿಷಯವನ್ನು ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದರು. 1989ರಲ್ಲಿ ಎಂಬತ್ತೇಳನೆಯ ವಯಸ್ಸಿನಲ್ಲಿ ಇದೇ ಪ್ರಶ್ನೆಯನ್ನು ಮುಂದಿಟ್ಟು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸ್ಥಾವರ ನಿಲ್ಲಲಿಲ್ಲ, ಅದರ ಎರಡನೆಯ ಘಟಕ 1999ರ ಸೆಪ್ಟೆಂಬರಿನಲ್ಲಿ ಚಾಲನೆಗೊಳ್ಳುವ ವೇಳೆಗೆ ಕಾರಂತರು ಗತಿಸಿ ಎರಡು ವರ್ಷಗಳಾಗುತ್ತ ಬಂದಿತ್ತು.

ಸೋಲುಗೆಲುವುಗಳಿಗಿಂತ ಚರಿತ್ರಕಾರನಿಗೆ ಮುಖ್ಯವಾದದ್ದು ಆ ಕಾಲದಲ್ಲಿ ಕೇಳಿದ ಪ್ರಶ್ನೆಗಳ ಸ್ವರೂಪ. ಮೇಲ್ಭಾಗದ ಸೂಪಾ ಅಣೆಕಟ್ಟೆಗೆ ಅಪಾಯವೊದಗಿದರೆ ಕೆಳಗಿನ ಸ್ಥಾವರದ ಗತಿಯೇನು? ಘಟ್ಟದ ಇಕ್ಕಟ್ಟಿನ ರಸ್ತೆಗಳಲ್ಲಿ ಹಳ್ಳಿಗಳನ್ನು ತೆರವು ಮಾಡಿಸುವುದು ಹೇಗೆ? ವಿಕಿರಣಶೀಲ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ? ಇವು ಮಾಪಕ ಹಿಡಿದವರ ಪ್ರಶ್ನೆಗಳಲ್ಲ. ಮಳೆ, ಹೊಳೆ, ದಾರಿಗಳನ್ನು ಬಲ್ಲವರ ಪ್ರಶ್ನೆಗಳು. ಉತ್ತರ ಕೊಡಬೇಕಾದವರ ಮೇಲೆ ಕಾನೂನಿನ ಒತ್ತಾಯವಿರಲಿಲ್ಲ. ಬದಲಾಗಿ, 1962ರ ಪರಮಾಣು ಶಕ್ತಿ ಕಾಯಿದೆಯ 18ನೆಯ ವಿಧಿ ಮಾಹಿತಿಯ ಪ್ರಕಟಣೆಯನ್ನು ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತ್ತು. ಸುರಕ್ಷತೆಯ ಮೇಲ್ವಿಚಾರಣೆಗಾಗಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪಿತವಾದದ್ದೇ 1983ರಲ್ಲಿ.

4

ಕೈಗಾದ ಇತಿಹಾಸದ ಎರಡು ಘಟನೆಗಳನ್ನು ಜೊತೆಯಾಗಿ ಪರಿಶೀಲಿಸಿದರೆ ಹವ್ಯಾಸಿ ವೀಕ್ಷಕನ ಬಲವೂ ಮಿತಿಯೂ ತಿಳಿಯುತ್ತವೆ.

1994ರ ಮೇ 13ರಂದು ಕಟ್ಟುತ್ತಿದ್ದ ಒಂದನೆಯ ಘಟಕದ ಒಳಗುಮ್ಮಟದ ಪದರ ಕಳಚಿ ಬಿದ್ದಿತು. ಸುಮಾರು 130 ಟನ್ ಕಾಂಕ್ರೀಟು ಕುಸಿದು ಹದಿನಾಲ್ಕು ಮಂದಿ ಕಾರ್ಮಿಕರು ಗಾಯಗೊಂಡರು. ಸ್ಥಾವರದಲ್ಲಿ ಆಗಿನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಆದರೂ ಜನಮನದ ಮೇಲೆ ಇಷ್ಟು ಪರಿಣಾಮ ಮಾಡಿದ ಘಟನೆ ಬೇರೊಂದಿಲ್ಲ. ಅಪಘಾತದ ವೇಳೆ ವಿಕಿರಣಶೀಲ ವಸ್ತು ಹೊರಬೀಳದಂತೆ ತಡೆಯಬೇಕಾದ ಕವಚವೇ ಬಿದ್ದಿತ್ತು. ಅದನ್ನು ಅರಿಯಲು ಯಾವ ಉಪಕರಣವೂ ಬೇಕಿರಲಿಲ್ಲ. ತನಿಖೆ ನಡೆದು, ಗುಮ್ಮಟದ ವಿನ್ಯಾಸ ಬದಲಾಗಿ, ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು.

ಎರಡನೆಯ ಘಟನೆ 2009ರ ನವೆಂಬರಿನದು. ಸ್ಥಾವರದ ಒಳಗಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿದ ಭಾರಜಲ ಬೆರೆತಿತ್ತು. ಯಾರೋ ಬೇಕೆಂದೇ ಬೆರೆಸಿದ್ದಾರೆಂದು ಅಧಿಕಾರಿಗಳು ಹೇಳಿದರು. ನೀರಿಗೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ. ನೌಕರರ ಮೂತ್ರದ ವಾಡಿಕೆಯ ತಪಾಸಣೆಯಲ್ಲಿ ಮಾತ್ರ ಅದು ಬೆಳಕಿಗೆ ಬಂದಿತು. ಐವತ್ತು ಮಂದಿಯ ಆಸುಪಾಸಿನಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಾಗಿದ್ದುದು ವರದಿಯಾಯಿತು. ಗೇಟಿನ ಹೊರಗೆ ಗೈಗರ್ ಮಾಪಕ ಹಿಡಿದು ನಿಂತವನಿಗೂ ಇದು ತಿಳಿಯುತ್ತಿರಲಿಲ್ಲ. ಟ್ರಿಟಿಯಂ ಹೊರಸೂಸುವ ಬೀಟಾ ಕಣ ಎಷ್ಟು ದುರ್ಬಲವೆಂದರೆ ಅದು ಚರ್ಮವನ್ನೂ ದಾಟದು, ಸಾಮಾನ್ಯ ಮಾಪಕದ ಗಾಜನ್ನೂ ದಾಟದು; ನೀರಿನ ರೂಪದಲ್ಲಿ ದೇಹವನ್ನು ಹೊಕ್ಕಾಗಲೇ ಅದು ಚಿಂತೆಗೆ ಕಾರಣ. ಭಾರಜಲವನ್ನು ಬಳಸುವ ಕೈಗಾದಂಥ ಸ್ಥಾವರಗಳಲ್ಲಿ ಗಮನಿಸಬೇಕಾದ ಮುಖ್ಯ ವಸ್ತುಗಳಲ್ಲಿ ಒಂದು ಇದೇ. ಇದನ್ನು ಅಳೆಯಲು ಪ್ರಯೋಗಾಲಯ ಬೇಕು.

ಇಲ್ಲಿ ಭಾಷೆಯ ಸಂಗತಿಯೊಂದನ್ನು ಗಮನಿಸಬೇಕು. ಕಿರಣವನ್ನೂ, ಕಿರಣ ಸೂಸುವ ವಸ್ತುವನ್ನೂ ಕನ್ನಡ ಪತ್ರಿಕೆಗಳು ‘ವಿಕಿರಣ’ ಎಂಬ ಒಂದೇ ಪದದಿಂದ ಸೂಚಿಸುತ್ತ ಬಂದಿವೆ. ‘ವಿಕಿರಣ ಸೋರಿಕೆ’ ಎಂದಾಗ ಸೋರಿದ್ದು ಯಾವುದು ಎಂಬುದು ಅಸ್ಪಷ್ಟ. ಕಿರಣವಾದರೆ ಗೋಡೆ ತಡೆಯುತ್ತದೆ. ವಸ್ತುವಾದರೆ ಅದು ನೀರಿನೊಡನೆ ಹರಿಯುತ್ತದೆ, ಗಂಟಲಿನೊಳಗೆ ಇಳಿಯುತ್ತದೆ. ಈ ಭೇದವನ್ನು ತಿಳಿಸದ ಪದದಿಂದ ಅನಗತ್ಯ ಭಯವೂ ಹುಟ್ಟಿತು, ಅನಗತ್ಯ ಸಮಾಧಾನವೂ ಹುಟ್ಟಿತು.

5

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಸುನಾಮಿಯಿಂದ ಅಪಘಾತವಾದ ಮೇಲೆ ಸೇಫ್‌ಕಾಸ್ಟ್ ಎಂಬ ಸ್ವಯಂಸೇವಕರ ಗುಂಪು ಮಾಪಕಗಳನ್ನು ವಾಹನಗಳಿಗೆ ಕಟ್ಟಿಕೊಂಡು ಬೀದಿಬೀದಿಯ ಅಳತೆಯನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಅಂದಿನಿಂದ ಸಣ್ಣ ಮಾಪಕಗಳು ಎಲ್ಲೆಡೆ ಹರಡಿವೆ. ಚೆನ್ನೈ ವಾಸಿಗಳಿಗೂ ಇದು ದೂರದ ಮಾತಲ್ಲ. ನಗರದ ದಕ್ಷಿಣಕ್ಕೆ ಕಲ್ಪಾಕ್ಕಂ ಇದೆ, 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿಯ ಪಂಪುಮನೆಗೆ ಸಮುದ್ರದ ನೀರು ನುಗ್ಗಿ, ನಡೆಯುತ್ತಿದ್ದ ಸ್ಥಾವರವನ್ನು ಸುರಕ್ಷಿತವಾಗಿ ನಿಲ್ಲಿಸಬೇಕಾಯಿತು.

ಆದರೆ ಮಾಪಕ ಕೈಗೆ ಬಂದ ಮಾತ್ರಕ್ಕೆ ಅಳತೆ ಕೈವಶವಾಗುವುದಿಲ್ಲ. ನೆಲದಿಂದ ಹೊರಡುವ ರೇಡಾನ್ ಅನಿಲದಿಂದ ಹುಟ್ಟುವ ಸೀಸ-214, ಬಿಸ್ಮತ್-214 ಎಂಬ ವಿಕಿರಣಶೀಲ ಧಾತುಗಳು ಗಾಳಿಯಲ್ಲಿ ತೇಲುತ್ತಿದ್ದು, ಮಳೆಯೊಡನೆ ನೆಲಕ್ಕೆ ಇಳಿಯುತ್ತವೆ. ಆಗ ಮಾಪಕದ ಅಂಕಿ ತಟ್ಟನೆ ಏರುತ್ತದೆ. ಅವುಗಳ ಅರ್ಧಾಯು ಅರ್ಧ ಗಂಟೆಗೂ ಕಡಿಮೆಯಾದ್ದರಿಂದ ಕೆಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ಘಟ್ಟದಲ್ಲಿ ಮಳೆ ಹಿಡಿದ ದಿನ ಮಾಪಕ ನೋಡಿದವನು ಸ್ಥಾವರವನ್ನು ಶಂಕಿಸಿದರೆ ಆಶ್ಚರ್ಯವಿಲ್ಲ. ಮಂಗಳೂರಿನ ಬಳಿಯ ಉಳ್ಳಾಲದ ಮರಳಿನಲ್ಲಿ ಮೋನಜೈಟ್ ಖನಿಜವಿರುವುದರಿಂದ ಅಲ್ಲಲ್ಲಿ ವಿಕಿರಣದ ಮಟ್ಟ ಸಹಜವಾಗಿಯೇ ಹೆಚ್ಚು. ನಿಮಿಷಕ್ಕೆ ಇಷ್ಟು ಎಣಿಕೆ ಎಂಬುದು ಒಂದು, ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ ಎಂಬುದು ಇನ್ನೊಂದು. ಇವೆರಡನ್ನು ಬೆರೆಸಿ ಮಾತಾಡುವುದೂ ಉಂಟು.

ಈ ಕಾರಣದಿಂದಲೇ ಸ್ಥಾವರ ಆರಂಭವಾಗುವ ಮುನ್ನಿನ ಅಳತೆಗೆ ಅಪಾರ ಬೆಲೆ. ಮೊದಲು ಎಷ್ಟಿತ್ತೆಂದು ತಿಳಿಯದೆ ಈಗ ಹೆಚ್ಚಾಯಿತೆಂದು ಹೇಳಲಾಗದು, ಹೆಚ್ಚಾಗಿಲ್ಲವೆಂದು ಸಾಧಿಸಲೂ ಆಗದು. ಭಾಭಾ ಪರಮಾಣು ಸಂಶೋಧನ ಕೇಂದ್ರದ ಪರಿಸರ ಪ್ರಯೋಗಾಲಯವಲ್ಲದೆ, 1990ರ ದಶಕದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳೂ ಕೈಗಾ ಪರಿಸರದ ಸಹಜ ವಿಕಿರಣಶೀಲತೆಯನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಇದು ಅಮೂಲ್ಯವಾದ ಕೆಲಸ. ಆದರೆ ಆ ಪ್ರಬಂಧಗಳು ಇಂಗ್ಲಿಷಿನಲ್ಲಿ, ವಿಜ್ಞಾನ ನಿಯತಕಾಲಿಕೆಗಳಲ್ಲಿ ಇವೆ. ಅವಕ್ಕೆ ಸಂಬಂಧಿಸಿದ ಪ್ರಶ್ನೆಗಳು ಕನ್ನಡದಲ್ಲಿ, ಪತ್ರಿಕೆಗಳ ವಾಚಕರ ವಾಣಿಯಲ್ಲಿ, ಕರಪತ್ರಗಳಲ್ಲಿ, ಅಹವಾಲುಗಳಲ್ಲಿ ಚದುರಿವೆ. 2018ರ ಡಿಸೆಂಬರಿನಲ್ಲಿ ಕೈಗಾದ ಐದು ಮತ್ತು ಆರನೆಯ ಘಟಕಗಳಿಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆದಾಗಲೂ ಸುತ್ತಲ ಹಳ್ಳಿಗಳವರು ಆರೋಗ್ಯದ ಪ್ರಶ್ನೆಯನ್ನೇ ಎತ್ತಿದರು. ಮೂವತ್ತು ವರ್ಷಗಳ ಅನಂತರವೂ ಪ್ರಶ್ನೆ ಮತ್ತು ಅಂಕಿಗಳು ಒಂದನ್ನೊಂದು ಭೇಟಿಯಾಗಿರಲಿಲ್ಲ.

6

ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಇದೆ. ಅಲ್ಲಿಯ ಶಾಸನಗಳಲ್ಲಿ ಭೂಮಿಯನ್ನು ‘ಭೇರುಂಡ ಗಳೆ’ಯಿಂದ ಅಳೆದು ಕೊಟ್ಟ ಉಲ್ಲೇಖ ಬರುತ್ತದೆ. ತಮಿಳುನಾಡಿನ ಹಲವು ದೇವಾಲಯಗಳ ಕಲ್ಲಿನ ಮೇಲೆ ಅಳತೆಗೋಲಿನ ಉದ್ದವನ್ನೇ ಕೊರೆದಿಟ್ಟಿದ್ದಾರೆ. ಅರಸನ ಕಡೆಯವನು ಹೊಲ ಅಳೆಯುವಾಗ ಗಳೆ ಮೋಟಾಗಿದೆಯೆಂಬ ಅನುಮಾನ ಬಂದರೆ ಒಕ್ಕಲು ಅದನ್ನು ಆ ಕಲ್ಲಿಗೆ ತಾಳೆ ನೋಡಬಹುದಾಗಿತ್ತು. ಅಳೆಯುವ ಅಧಿಕಾರ ಒಕ್ಕಲಿಗೆ ಇರಲಿಲ್ಲ. ಅಳತೆ ಸರಿಯೆ ಎಂದು ಕೇಳುವ ದಾರಿ ಇತ್ತು.

ವಿಕಿರಣದ ಅಳತೆಗೆ ಅಂಥ ಕಲ್ಲು ನಮ್ಮಲ್ಲಿ ಇನ್ನೂ ನೆಟ್ಟಿಲ್ಲ. ಪ್ರತಿಯೊಬ್ಬನೂ ಮಾಪಕ ಹಿಡಿಯಬೇಕಾಗಿಲ್ಲ. ಹಿಡಿದರೂ ಟ್ರಿಟಿಯಂ ಅದಕ್ಕೆ ಸಿಕ್ಕದು. ಬೇಕಾದದ್ದು ತಾಳೆ ನೋಡುವ ಅವಕಾಶ: ಕಾಳಿ ನದಿಯ, ಕದ್ರಾ ಜಲಾಶಯದ ನೀರಿನ ಅಂಕಿಗಳು ಆರಂಭಪೂರ್ವದ ಅಂಕಿಗಳೊಡನೆ, ಮಾನದ ವಿವರಣೆಯೊಡನೆ, ದಂಡೆಯ ಜನರ ಭಾಷೆಯಲ್ಲಿ ದೊರೆಯುವುದು.

ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. ಕೈಗಾದ ಕನ್ನಡ ಚರ್ಚೆಯನ್ನು ಚಳವಳಿಯ ಸಾಹಿತ್ಯವೆಂದು ಮಾತ್ರ ಓದುವ ರೂಢಿ ಬೆಳೆದಿದೆ. ಅದು ವೀಕ್ಷಣೆಯ ದಾಖಲೆಯೂ ಹೌದು. ಯಾವ ಪ್ರಶ್ನೆಗೆ ಯಾವ ವರ್ಷ ಉತ್ತರ ಬಂದಿತು, ಯಾವುದಕ್ಕೆ ಬರಲಿಲ್ಲ, ಯಾವ ಶಂಕೆ ನಿರಾಧಾರವೆಂದು ತಿಳಿಯಿತು ಎಂಬ ವರ್ಷಾನುಕ್ರಮದ ಪಟ್ಟಿಯೊಂದು ಸಿದ್ಧವಾಗಬೇಕು. ಕರಪತ್ರಗಳ ಕಾಗದ ಬೇಗ ಪುಡಿಯಾಗುತ್ತದೆ. ಅವನ್ನು ಬರೆದವರೂ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಕರ್ನಾಟಕದ ಹೊರಗಿರುವ ಸಂಶೋಧಕರು ಇದು ತಮ್ಮಿಂದ ಆಗದ ಕೆಲಸವೆಂದು ಭಾವಿಸಬೇಕಿಲ್ಲ. ಕಲೆಕ್ಟರನ ಲೆಕ್ಕವನ್ನು ನೋಡಲು ಎಗ್ಮೋರಿಗೆ ಬರುವವರು, ಒಂದು ದಿನ ಉಳಿದು, ಕನ್ನೆಮರಾದಲ್ಲಿ ಆ ವರ್ಷಗಳ ಕನ್ನಡ ಪತ್ರಿಕೆಗಳನ್ನು ಕೇಳಿ ನೋಡಲಿ. ಎರಡು ದಫ್ತರಗಳ ನಡುವಿನ ದೂರ ನಡೆದು ಹೋಗುವಷ್ಟೇ ಇದೆ.