ಅಘನಾಶಿನಿ ಅಳಿವೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅಘನಾಶಿನಿ ನದಿ ಅರಬ್ಬೀ ಸಮುದ್ರವನ್ನು ಸೇರುವೆಡೆ. ಶಿರಸಿ ಬಳಿ ಹುಟ್ಟುವ ನದಿ ಉಂಚಳ್ಳಿಯಲ್ಲಿ ಸುಮಾರು 116 ಮೀ. ಧುಮುಕಿ ಕರಾವಳಿಗೆ ಇಳಿಯುತ್ತದೆ. ಇದರ ಮೇಲೆ ದೊಡ್ಡ ಅಣೆಕಟ್ಟುಗಳಿಲ್ಲ. ಆದ್ದರಿಂದ ಮಳೆಗಾಲದ ಸಿಹಿನೀರೂ ಹೂಳೂ ಅಡೆತಡೆಯಿಲ್ಲದೆ ಅಳಿವೆ ತಲುಪುತ್ತವೆ. ಪಶ್ಚಿಮ ಕರಾವಳಿಯಲ್ಲಿ ಇದು ಅಪರೂಪ, ಸಂಶೋಧಕರ ಆಸಕ್ತಿಗೂ ಇದೇ ಮುಖ್ಯ ಕಾರಣ.

ಇಳಿತದ ಹೊತ್ತಿನಲ್ಲಿ ಕೆಸರನ್ನು ಒಂದು ಗೇಣು ಅಗೆದರೆ ಕಪ್ಪು ಪದರ ಸಿಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಹೊಲಸಲ್ಲ. ಆಮ್ಲಜನಕವಿಲ್ಲದ ಆ ಪದರದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ ಎಲೆಕಸವನ್ನು ಕೊಳೆಸುತ್ತವೆ; ಹೊರಬರುವ ಹೈಡ್ರೋಜನ್ ಸಲ್ಫೈಡ್ ಕಬ್ಬಿಣದೊಂದಿಗೆ ಕೂಡಿ ಮಣ್ಣನ್ನು ಕಪ್ಪಾಗಿಸುತ್ತದೆ. ಇಂಥ ಕೆಸರಿನಲ್ಲಿ ಬೇರು ಉಸಿರಾಡುವುದು ಕಷ್ಟ. ಹಾಗಾಗಿ ಕಾಂಡ್ಲಾ (ಮ್ಯಾಂಗ್ರೋವ್) ಜಾತಿಗಳಲ್ಲಿ ಒಂದಾದ ಅವಿಸೆನ್ನಿಯ ಪೆನ್ಸಿಲಿನಂಥ ಉಸಿರುಬೇರುಗಳನ್ನು ಮೇಲಕ್ಕೆ ಚಾಚುತ್ತದೆ. ಒಳಸೇರಿದ ಉಪ್ಪನ್ನು ಎಲೆಗಳ ಮೂಲಕ ಹೊರಹಾಕುತ್ತದೆ. ಎಲೆ ನೆಕ್ಕಿದರೆ ಉಪ್ಪುಪ್ಪು.

ಅಳಿವೆಯಂಚಿನಲ್ಲಿ ಒಡ್ಡು ಕಟ್ಟಿದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಗ್ಗ ಸಸ್ಯವಿಜ್ಞಾನಕ್ಕೆ ಸಿಕ್ಕ ರೈತರ ಕೊಡುಗೆ ಎನ್ನಲು ಅಡ್ಡಿಯಿಲ್ಲ. ಅಳಿವೆಯ ಬಳಚು (ಚಿಪ್ಪುಜೀವಿ) ಸಂಗ್ರಹ ಅನೇಕ ಕುಟುಂಬಗಳ ಜೀವನೋಪಾಯ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಇಲ್ಲಿ ಅಧ್ಯಯನ ನಡೆಸಿದ್ದಾರೆ. 2024ರಲ್ಲಿ ಅಳಿವೆಯ ಹೆಸರು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಪ್ರಕಟವಾಯಿತು.