ಮೊಳ ಹೋಗಿ ಮೀಡಿಯಂ ಬಂತು

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಷರ್ಟು ಕೊಳ್ಳಲು ಹೋದವರಿಗೆ ಇದು ಹೊಸದಲ್ಲ. ಒಂದು ಕಂಪನಿಯ 40 ಮೈಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಇನ್ನೊಂದು ಕಂಪನಿಯ 40ಕ್ಕೆ ಹೊಟ್ಟೆಯ ಮೇಲಿನ ಗುಂಡಿಯೇ ಕೂಡುವುದಿಲ್ಲ. ಅಂಗಡಿ ಹುಡುಗನ ಉತ್ತರ ಸಿದ್ಧವಾಗಿರುತ್ತದೆ: "ಇದು ಸ್ಲಿಮ್ ಫಿಟ್ ಅಣ್ಣ, 42 ನೋಡಿ."

ಸೈಜಿನ ಈ ಗೋಳು ಹಿಂದೆ ಇರಲಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಕಂಡ, ತುಮಕೂರಿನ ಪಕ್ಕದ ಗುಬ್ಬಿ, ವ್ಯಾಪಾರ ಜೋರಾಗಿದ್ದ ಸಂತೆಯ ಊರು. ಸೀರೆ, ಪಂಚೆ, ಕಂಬಳಿ ಎಂದರೆ ಆಗ ಉದ್ದಗಲವೇ ಹೊರತು ಸೈಜಲ್ಲ. ಜಗಳವೇನಿದ್ದರೂ ಮೊಳದ್ದು: ಮಾರುವವನ ಕೈ ಗಿಡ್ಡವಾದರೆ ಕೊಂಡವನಿಗೆ ನಷ್ಟ. ಆದರೆ ಹದಿನೆಂಟು ಮೊಳದ ಸೀರೆ ಸಣಕಲು ಸೊಸೆಗೂ ಆಗುತ್ತಿತ್ತು, ದಪ್ಪನೆಯ ಅತ್ತೆಗೂ ಆಗುತ್ತಿತ್ತು; ನೆರಿಗೆ ಒಂದೆರಡು ಹೆಚ್ಚುಕಡಿಮೆ, ಅಷ್ಟೆ. ಕಸೆ ಅಂಗಿ, ಲಾಡಿ ಚಡ್ಡಿಗಳ ಬಿಗಿ ಸಡಿಲವೂ ತೊಟ್ಟವರ ಕೈಯಲ್ಲೇ ಇತ್ತು. 1956ರ ತೂಕ ಮತ್ತು ಅಳತೆ ಕಾಯ್ದೆ ದೇಶಕ್ಕೆಲ್ಲ ಒಂದೇ ಮೀಟರು ತಂದಿತು. ಬಟ್ಟೆಯ ಅಳತೆಯೇನೋ ಇತ್ಯರ್ಥವಾಯಿತು. ಮೈಯ ಅಳತೆ?

ಅದು ದರ್ಜಿಯ ಪುಸ್ತಕದಲ್ಲಿತ್ತು. ಹಬ್ಬಕ್ಕೆ ತಿಂಗಳಿರುವಾಗಲೇ ಅಳತೆ ಕೊಡಬೇಕು. ಹೆಂಗಸರು ಹಳೆಯ ಅಳತೆ ರವಿಕೆಯನ್ನೇ ಕಳಿಸುತ್ತಿದ್ದರು. "ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಾಗೇ ಹೊಲಿ, ಒಳಗೆ ಬಟ್ಟೆ ಬಿಡು" ಎಂಬ ಮಾತು ಕೇಳದೆ ದೊಡ್ಡವರಾದವರು ಕಡಿಮೆ. ಹೊಲಿಗೆ ಕೆಟ್ಟರೆ ಬೈಯಲು ಒಬ್ಬ ಮನುಷ್ಯನಾದರೂ ಇದ್ದ.

ರೆಡಿಮೇಡು ಆ ಮನುಷ್ಯನನ್ನು ನಡುವಿನಿಂದ ತೆಗೆದು ಅಂಕಿ ಇಟ್ಟಿತು. ಅಂಕಿಯಾದರೂ ಒಂದೇ ಜಾತಿಯದ್ದಲ್ಲ. ಫಾರ್ಮಲ್ ಷರ್ಟಿನ 40 ಎಷ್ಟೋ ಕಂಪನಿಗಳಲ್ಲಿ ಕಾಲರಿನ ಸೆಂಟಿಮೀಟರು. ಕುರ್ತಾದ 40 ಎದೆಯ ಇಂಚು. ಎದೆಯ ಇಂಚಾದರೂ ಮೈಯದೋ ಬಟ್ಟೆಯದೋ ಎನ್ನುವುದು ಹೊಲಿಸಿದವರಿಗೇ ಗೊತ್ತು. ಎಷ್ಟು ಸಡಿಲ ಬಿಡಬೇಕೆಂಬುದು ಆಯಾ ಕಂಪನಿಯ ಮರ್ಜಿ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊರದೇಶಕ್ಕೆಂದು ಹೊಲಿದು ಉಳಿದ 'ಸರ್‌ಪ್ಲಸ್' ಮಾಲು ಬಂದರೆ ಗೊಂದಲ ಇನ್ನೂ ಒಂದು ಸುತ್ತು: ಅಮೆರಿಕದ ಹೆಂಗಸರ 8 ಹೆಚ್ಚುಕಡಿಮೆ ಬ್ರಿಟನ್ನಿನ 12.

ಅಮೆರಿಕವೇನೂ ಇದರಿಂದ ಪಾರಾಗಿಲ್ಲ. 1939-40ರಲ್ಲಿ ಅಲ್ಲಿನ ಸರ್ಕಾರ ಸುಮಾರು 15,000 ಹೆಂಗಸರ ಮೈ ಅಳೆಸಿತು, 1958ರಲ್ಲಿ ಒಂದು ಮಾನದಂಡ ಹೊರಡಿಸಿತು, 1983ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಗಿರಾಕಿಗೆ ತಾನು ತೆಳ್ಳಗಿದ್ದೇನೆ ಅನ್ನಿಸಲಿ ಎಂದು ಕಂಪನಿಗಳು ದೊಡ್ಡ ಬಟ್ಟೆಗೆ ಸಣ್ಣ ಅಂಕಿ ಹಾಕತೊಡಗಿದ ಮೇಲೆ ಮಾನದಂಡ ಯಾರಿಗೆ ಬೇಕು?

ಅಳತೆಯ ವಿಷಯದಲ್ಲಿ ನಮಗಿಂತ ಕುಣಿಗಲ್ ಸ್ಟಡ್ ಫಾರಂನ ಕುದುರೆಗಳೇ ವಾಸಿ. ಕುದುರೆಯ ಎತ್ತರ ಅಳೆಯುವ 'ಹ್ಯಾಂಡ್' ಎಂದರೆ ಎಲ್ಲೇ ಹೋದರೂ ನಾಲ್ಕು ಇಂಚು.

ನಮ್ಮಲ್ಲಿ ಕೇಂದ್ರ ಜವಳಿ ಸಚಿವಾಲಯ ಮತ್ತು ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್, ನಮ್ಮವರ ಮೈಗೊಪ್ಪುವ ಸೈಜು ಪಟ್ಟಿಗಾಗಿ 'ಇಂಡಿಯಾ ಸೈಜ್' ಸಮೀಕ್ಷೆಗೆ ಇಳಿದದ್ದು ಇತ್ತೀಚೆಗೆ: ಆರು ನಗರಗಳು, 25,000 ಜನ, 15ರಿಂದ 65ರ ವಯಸ್ಸು, ತ್ರೀಡಿ ಸ್ಕ್ಯಾನರು. ದಕ್ಷಿಣದ ಪಾಲಿಗೆ ಬೆಂಗಳೂರು ಸಿಕ್ಕಿದೆ. ತೋಟದಲ್ಲಿ ದುಡಿದು ಹೆಗಲು ಅಗಲವಾದ ಗುಬ್ಬಿಯ ರೈತನ ಮೈ ಆ ಲೆಕ್ಕಕ್ಕೆ ಎಷ್ಟು ಹೊಂದೀತೋ!

ರಾಜ್ಯ ಸರ್ಕಾರವಂತೂ ವಿದ್ಯಾವಿಕಾಸ ಯೋಜನೆಯಲ್ಲಿ ಈ ಸೈಜಿನ ಉಸಾಬರಿಗೇ ಹೋಗುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುವುದು ಸಮವಸ್ತ್ರದ ಬಟ್ಟೆ. ಹೊಲಿಸಿಕೊಳ್ಳುವುದು ಮನೆಯವರ ಜವಾಬ್ದಾರಿ. ಹಾಗಾಗಿ ಜೂನ್ ಬಂತೆಂದರೆ ಕುಣಿಗಲ್, ಗುಬ್ಬಿಯ ಮಕ್ಕಳು ಬಟ್ಟೆ ಹಿಡಿದು ಈಗಲೂ ದರ್ಜಿಯ ಮುಂದೆ ಕೈಯಗಲಿಸಿ ನಿಲ್ಲುತ್ತಾರೆ.