ಮುರಕಲ್ಲಿನ ಗೋಡೆ, ಪ್ಲೈವುಡ್ಡಿನ ಕಪಾಟು

ಪಡುಬಿದ್ರಿಯ ಹಳೆಮನೆಗಳ ಅಡುಗೆಕೋಣೆಯಲ್ಲಿ ಬಡಗಿಗೆ ಹೆಚ್ಚು ಕೆಲಸವಿರಲಿಲ್ಲ. ಅಕ್ಕಿ ಬೈಹುಲ್ಲಿನ ಮುಡಿಯಲ್ಲಿ, ಉಪ್ಪು ಮರಿಗೆಯಲ್ಲಿ, ಹಾಲು ಮೊಸರು ನೆಲುವಿನಲ್ಲಿ, ಚಿಮಿಣಿ ದೀಪ ಗೋಡೆಯ ಗೂಡಿನಲ್ಲಿ. ತೆಂಗಿನಕಾಯಿ ಅಟ್ಟದ ಮೇಲೆ. ಒಲೆಯ ಹೊಗೆಯೇ ಅದನ್ನು ಹುಳುವಿನಿಂದ ಕಾಯುತ್ತಿತ್ತು. ಹಲಸಿನ ಬಾಗಿಲು, ದಾರಂದ ಮಾಡುತ್ತಿದ್ದ ನನ್ನ ತಂದೆ ಆ ಕೋಣೆಗೆಂದು ಮಾಡಿದ್ದು ಕೂರುವ ಮಣೆ ಮತ್ತು ಬೆಕ್ಕಿನ ಬಾಯಿಯಿಂದ ಮೀನು ಉಳಿಸುವ ಜಾಲರಿ ಕಪಾಟು, ಅಷ್ಟೇ. ಅವೇ ಮನೆಗಳಿಗೆ ಈಗ ನಾನು ಮಾಡ್ಯುಲರ್ ಕಿಚನ್ ಕೂರಿಸುತ್ತೇನೆ.

ಕೆಲಸಕ್ಕೆ ಬಂದ ಹೊಸ ಹುಡುಗರು ಲೆವೆಲ್ ಇಟ್ಟು ನೋಡಿ "ಗೋಡೆ ಸೊಟ್ಟ" ಎನ್ನುತ್ತಾರೆ. ಆ ಮಾತು ನನಗೆ ಹಿಡಿಸುವುದಿಲ್ಲ. ಗೋಡೆ ಹಾಗಾದದ್ದಕ್ಕೆ ಕಾರಣಗಳಿವೆ. ಇದು ಮುರಕಲ್ಲಿನ ಸೀಮೆ. 1801ರಲ್ಲಿ ಈ ಕರಾವಳಿಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಪುಸ್ತಕದಲ್ಲಿ ಈ ಕಲ್ಲಿನ ಗುಣ ಬರೆದಿದ್ದಾನೆ: ನೆಲದಲ್ಲಿದ್ದಾಗ ಕಬ್ಬಿಣದ ಹತಾರಕ್ಕೆ ಸಲೀಸಾಗಿ ಸಿಗುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಯಂತ್ರ ಬರುವವರೆಗೆ ಅದನ್ನು ಕೈಯಲ್ಲೇ ಕಡಿದು ಕೆತ್ತುತ್ತಿದ್ದರು. ಒಂದು ಕಲ್ಲಿನಂತೆ ಇನ್ನೊಂದಿಲ್ಲ. ನಡುವೆ ಮಣ್ಣು, ಮೇಲೆ ಚಿಪ್ಪಿನ ಸುಣ್ಣದ ಗಾರೆ, ಆಮೇಲೆ ಪ್ರತಿವರ್ಷದ ಸುಣ್ಣ. ನೆಲವನ್ನಂತೂ ಬೇಕೆಂದೇ ಇಳಿಜಾರು ಮಾಡಿದ್ದಾರೆ, ಸುರಿದ ನೀರು ಬಚ್ಚಲ ಕಡೆಗೆ ಹರಿಯಲೆಂದು. ಹಾಗೆ ಕಟ್ಟಿದವನಿಗೆ ಲೆಕ್ಕ ಗೊತ್ತಿತ್ತು. ಇನ್ನು ಮನೆಯ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲು ಕ್ರಮೇಣ ಹೋಗಿ ಹಂಚು ಬಂತು, ಆದರೆ ಇಳಿಜಾರು ಉಳಿಯಿತು. ಎಷ್ಟೋ ಅಡುಗೆಕೋಣೆಗಳಲ್ಲಿ ಹೊರಗೋಡೆಯ ಎತ್ತರ ಮೇಲುಕಪಾಟಿಗೆ ಸಾಲುವುದೇ ಇಲ್ಲ.

ಮಾಡ್ಯುಲರ್ ಕಿಚನ್ನಿನ ಹುಟ್ಟು ಬೇರೆ ಬಗೆಯ ಮನೆಯಲ್ಲಿ. ಅದರ ಅಜ್ಜಿಯೆಂದರೆ 1926ರ ಫ್ರಾಂಕ್‌ಫರ್ಟ್ ಅಡುಗೆಮನೆ. ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ರೂಪಿಸಿದ್ದು, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹತ್ತು ಸಾವಿರದಷ್ಟು ಹೊಸ ಮನೆಗಳಿಗೆ ಅದೇ ಮಾದರಿಯಲ್ಲಿ ಹಾಕಿದರು. ಅಲ್ಲಿ ಮನೆ, ಕಪಾಟು ಒಂದೇ ನಕ್ಷೆಯಲ್ಲಿ ಹುಟ್ಟಿದವು. ನಮ್ಮಲ್ಲಿ ಮನೆ ಅಜ್ಜನ ಕಾಲದ್ದು, ಕಪಾಟು ಮೊಮ್ಮಗನ ಕಾಲದ್ದು.

ನಡುವೆ ಇನ್ನೊಂದು ಕಾಲವಿತ್ತು. ಮುಂಬಯಿ ಹೋಟೆಲಿನ ದುಡ್ಡು, 1970ರ ದಶಕದ ನಂತರ ಗಲ್ಫ್ ದುಡ್ಡು ಊರಿಗೆ ಬಂತು. ಗ್ಯಾಸ್ ಒಲೆಯೂ ಬಂತು. ನೆಲದಲ್ಲಿ ಕೂತು ಬೇಯಿಸುತ್ತಿದ್ದವರು ಎದ್ದು ನಿಂತರು. ಕಟ್ಟೆ ಕಟ್ಟಿ, ಅದರಡಿ ಕಡಪ ಕಲ್ಲಿನ ಅಡ್ಡಹಲಗೆ ಕೂರಿಸಿದರು. ಕಡಪ ಕಲ್ಲನ್ನು ಗೋಡೆ ಕೊರೆದು ಸಿಮೆಂಟಿನಲ್ಲಿ ಹುಗಿಯುತ್ತಿದ್ದರಿಂದ ಸೊಟ್ಟವೆಲ್ಲ ಅದರೊಳಗೇ ಮುಚ್ಚಿಹೋಗುತ್ತಿತ್ತು.

18 ಮಿಲಿಮೀಟರ್ ಪ್ಲೈವುಡ್ಡಿನ ಪೆಟ್ಟಿಗೆಗೆ ಆ ಸಹನೆ ಇಲ್ಲ. ನೇರ ಗೆರೆ, ಮೂಲೆಮಟ್ಟ ಎರಡೂ ಬೇಕು. ಆದ್ದರಿಂದ ಮೊದಲು ನೀರಿನ ಪೈಪು ಹಿಡಿದು ನೆಲದ ಅತಿ ಎತ್ತರದ ಜಾಗ ಹುಡುಕುತ್ತೇನೆ. ಅಳತೆ ಅಲ್ಲಿಂದ ಶುರು. ತಗ್ಗಿನ ಕಡೆ ತಿರುಪಿನ ಕಾಲು ಎತ್ತರಿಸುತ್ತದೆ. ಮೂಲೆಗೆ ಗಾರೆಯವರ ಹಳೆಯ ಲೆಕ್ಕವೇ ಸಾಕು: ಒಂದು ಗೋಡೆಯಲ್ಲಿ ಮೂರಡಿ, ಇನ್ನೊಂದರಲ್ಲಿ ನಾಲ್ಕಡಿ ಗುರುತು ಹಾಕಿದರೆ ನಡುವೆ ಐದಡಿ ಬರಬೇಕು. ಬಾರದಿದ್ದರೆ ಪೆಟ್ಟಿಗೆಗೂ ಗೋಡೆಗೂ ನಡುವೆ ಪಟ್ಟಿ ಇಟ್ಟು, ಗೋಡೆಯ ಉಬ್ಬುತಗ್ಗನ್ನು ಕೈವಾರದಲ್ಲಿ ಅದರ ಮೇಲೆ ಎಳೆದು, ಆ ಗೆರೆಗೆ ಸರಿಯಾಗಿ ಹೆರೆಯುತ್ತೇನೆ. ಈ ಒಂದು ಕೆಲಸದಲ್ಲಿ ಬಡಗಿಯ ಕೈ ತಿಳಿಯುತ್ತದೆ. ಸಿಲಿಕಾನ್ ತುಂಬಿ ಸಂದು ಮುಚ್ಚುವುದನ್ನು ನಾನು ಕೆಲಸವೆಂದು ಒಪ್ಪುವುದಿಲ್ಲ.

ಮೇಲುಕಪಾಟು ಇನ್ನೂ ಕಷ್ಟ. ಡ್ರಿಲ್ ಹಾಕಿದರೆ ಮುರಕಲ್ಲಿನ ತೂತಿನೊಳಗೆ ಮೆದುಮಣ್ಣು ಸಿಗುತ್ತದೆ, ಬೋಲ್ಟು ಹಿಡಿಯುವುದಿಲ್ಲ. ಉದ್ದದ ಮರದ ಪಟ್ಟಿಯನ್ನು ಹಲವು ಕಲ್ಲುಗಳಿಗೆ ಹಂಚಿ ಬಿಗಿದು, ಭಾರ ಅದರ ಮೇಲೆ ಬಿಡಬೇಕು. ಹಿಂದೆ ಗಾಳಿಯಾಡಲು ಜಾಗ ಬೇಕೇ ಬೇಕು. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಗೋಡೆಯೂ ನೀರು ಕುಡಿಯುತ್ತದೆ.

"ಆಚಾರ್ರೇ, ಆ ದೀಪದ ಗೂಡು ಮಾತ್ರ ಮುಚ್ಚಬೇಡಿ" ಎಂದು ಹಿರಿಯ ಅಮ್ಮಂದಿರು ಹೇಳುವುದುಂಟು. ಮುಚ್ಚುವುದಿಲ್ಲ, ಕಪಾಟನ್ನೇ ಅಲ್ಲಿಗೆ ನಿಲ್ಲಿಸುತ್ತೇನೆ.

ಹಳೆಮನೆಗೆ ಹೊಸ ಅಡುಗೆಮನೆ ಮಾಡಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಅಂಗಡಿಯಲ್ಲಿ ಕೂತು ಅಳತೆ ಬರೆಸಬೇಡಿ, ಕೆಲಸದವರನ್ನು ಮನೆಗೆ ಕರೆದು ಗೋಡೆ ಮುಟ್ಟಿಸಿ. ಒಮ್ಮೆ ಮಳೆಗಾಲದಲ್ಲಿ ನೋಡಲಿ, ತೇವ ಎಲ್ಲಿದೆಯೆಂದು ಆಗ ಕಾಣುತ್ತದೆ. ಕೂರಿಸುವುದು ದೀಪಾವಳಿ ಕಳೆದ ಮೇಲಾಗಲಿ. ಗೋಡೆ ನೇರ ಮಾಡಲೆಂದು ಮುರಕಲ್ಲು ಕೆತ್ತಲು ಮಾತ್ರ ಬಿಡಬೇಡಿ.